ಐದು ಕೂಸು, ಒಂದು ಬಾಯಿ

ಪರರ ಕೂಸು ನೋಡಿಕೊಳ್ಳುವ ಮನೆಯಲ್ಲಿ ಮಾನ ಹೋಗದ ದಿನ ಇಲ್ಲ. ಇವತ್ತೊಂದು ದಿನ ನೆಟ್ಟಗೆ ಕಳೆಯಲಪ್ಪಾ ಅಂತ ಬೆಳಗ್ಗೆ ಕೈ ಮುಗಿಯುತ್ತಿದ್ದೆ; ಮಧ್ಯಾಹ್ನದೊಳಗೆ ಏನಾದರೊಂದು ಆಗಿಯೇ ತೀರುತ್ತಿತ್ತು.

ಕೊಳ್ಳೇಗಾಲ ಆಗಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಬೀದಿಯಲ್ಲಿ ಮನೆಮನೆಗೂ ರೇಷ್ಮೆ ಮಗ್ಗ. ಗಂಡಸರು ನೇಯುವುದು, ಹೆಂಗಸರು ರಾಟೆ ತಿರುಗಿಸುವುದು. ಅಂಬೆಗಾಲಿನ ಕೂಸು ಒಂದು ಸಲ ಎಳೆಗೆ ಕೈ ಹಾಕಿದರೆ ವಾರದ ಕೆಲಸ ಹಾಳು. ಅದಕ್ಕೇ ಹೊತ್ತು ಹುಟ್ಟುತ್ತಲೇ ಐದು ಮನೆಯ ಐದು ಕೂಸನ್ನು ನನ್ನ ಜಗಲಿಗೆ ತಂದು ಬಿಡುತ್ತಿದ್ದರು. ಗಂಡ ಹೋಗಿ, ಮಕ್ಕಳಿಲ್ಲದೆ, ಗೋಡೆ ಜೊತೆ ಮಾತಾಡಿಕೊಂಡಿದ್ದವಳು ನಾನು. ಆ ಐದೂ ಬರದಿದ್ದರೆ ಮತ್ತೆ ಗೋಡೆಯೇ ಗತಿ.

ನಡುವಿನ ದಾರ

ಗುರುತಿಗೆ ಅಂತ ತಾಯಂದಿರು ತಮ್ಮ ಮಗ್ಗದ ತುಂಡು ರೇಷ್ಮೆಯನ್ನೇ ಕೂಸಿನ ನಡುವಿಗೆ ಕಟ್ಟುತ್ತಿದ್ದರು. ಒಂದು ವಾರ ಎರಡು ಮನೆಗೂ ಒಂದೇ ಕೆಂಪಿನ ಸೀರೆ ನೇಯಲು ಬಂತು. ಮಾಂಬಳ್ಳಿಯಿಂದ ಬಂದ ಸೊಸೆ, ದಿನವಿಡೀ ಎಳೆ ನೋಡಿ ಕಣ್ಣು ಮಂಜಾದವಳು, ಸಂಜೆ ಮುಖ ನೋಡದೆ ಕೆಂಪು ದಾರ ನೋಡಿ ಎತ್ತಿಕೊಂಡು ಹೋದಳು. ಅವಳ ಸ್ವಂತ ಕೂಸು ನನ್ನ ಜಗಲಿಯಲ್ಲೇ ಅರಚುತ್ತಿದೆ! ಎದ್ದುಬಿದ್ದು ಓಡಿದೆ. ಅಲ್ಲಿ ಪರರ ಕೂಸು ಅವಳ ತೊಡೆ ಮೇಲೆ ಕೂತು ಮುದ್ದೆ ನುಂಗುತ್ತಿತ್ತು.

"ಅದು ನಿಂದಲ್ಲ ಕಣವ್ವ."

ತಿರುಗಿಸಿ ನೋಡಿದಳು. "ಇದು ಅಳಾಕಿಲ್ಲ ಕಣಜ್ಜಿ. ಇವತ್ತೊಂದಿನ ಇಲ್ಲೇ ಇರ್ಲಿ ಬುಡು."

ತುತ್ತು

ನಾನು ಇಸ್ಕೂಲಿಗೆ ಹೋದದ್ದು ಎರಡೇ ವರ್ಷ. ರಾಜ-ರಾಣಿ ಕತೆ ಬಾರದು. ಬರುವುದು ಬೀದಿ ಕತೆ. ಗುಮ್ಮ ಬಂತು ಅಂದರೂ ಬಿಚ್ಚದ ಬಾಯಿಗಳು, "ಮೂಲೆಮನೆ ಯಜಮಾನ ಯಾಪಾರ ಅಂತ ಅನೂರಿಗೆ ಓಗಿ ಯಾರ ಮನೇಲಿ ಉಳ್ಕಂಡ ಗೊತ್ತಾ?" ಅಂದರೆ ಐದೂ ಅಗಲವಾಗಿ ತೆರೆಯುತ್ತಿದ್ದವು. ತುತ್ತು ಒಳಗೆ. ಹೀಗೆ ನನ್ನ ಕೈಯಲ್ಲಿ ಕೂಸುಗಳು ಬೇಗ ಗುಂಡಗಾದವು, ಬೇಗ ಮಾತು ಕಲಿತವು. ನನ್ನ ಪ್ರಾಣ ತೆಗೆದದ್ದು ಆ ಮಾತು.

ನಿಪ್ಪಟ್ಟು

ಆ ಮಾಂಬಳ್ಳಿ ಸೊಸೆಯ ಅತ್ತೆ ಬೀದಿಗೇ ದೊಡ್ಡವಳು. ಏಕಾದಶಿ ದಿನ ನೀರೂ ಮುಟ್ಟುವುದಿಲ್ಲ ಅಂತ ಹೆಸರು. ಉಗ್ರಾಣದ ಬಾಗಿಲು ಹಾಕಿಕೊಂಡು ನಿಪ್ಪಟ್ಟು ತಿನ್ನುತ್ತಾಳೆ ಅಂತ ಸೊಸೆಯೇ ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಯಾರಿಗೂ ಹೇಳಲಿಲ್ಲ, ಕೂಸುಗಳನ್ನು ಬಿಟ್ಟು.

ಸೊಸೆಯ ಆ ಅಳುಬುರುಕ ಕೂಸಿಗೆ ಅಷ್ಟು ಹೊತ್ತಿಗೆ ಮೂರು ವರ್ಷ. ಒಂದು ಏಕಾದಶಿ, ಅತ್ತೆಯ ಮನೆಯಲ್ಲಿ ಭಜನೆಗೆ ಬೀದಿಯ ಹೆಂಗಸರೆಲ್ಲ ಕೂತಿದ್ದಾಗ ಎದ್ದು ನಿಂತು ಅವಳನ್ನೇ ಕೇಳಿತು: "ಅಜ್ಜೀ, ನಿಪ್ಪಟ್ಟು ತಿನ್ನಾಕೆ ಉಗ್ರಾಣಕ್ಕೆ ಓಗಾಕಿಲ್ವಾ?"

ಅತ್ತೆ ನನ್ನ ಬಾಗಿಲಿಗೆ ಬಂದಳು. "ಕೂಸ ನೋಡ್ಕ ಅಂತ ಬುಟ್ರೆ ನನ್ನ ಮಾನ ಕಳೀತೀಯಾ?"

"ನಾನೇನು ಸುಳ್ಳು ಯೋಳಿದ್ನಾ ಅಕ್ಕ?" ಅಂದೆ.

ಅದೊಂದು ಮಾತು ಆಡಬಾರದಿತ್ತು. ಮಾರನೇ ದಿನ ಒಂದು ಕೂಸೂ ಬರಲಿಲ್ಲ.

ಬಾಯಿಗೆ ಬೀಗ

ಹನ್ನೊಂದು ದಿನ ಗೋಡೆ ಜೊತೆ ಮಾತಾಡಿದೆ. ಗೋಡೆ ಬಾಯಿ ತೆರೆಯಲಿಲ್ಲ. ತಡೆಯಲಾರದೆ ಮನೆಮನೆಗೆ ಹೋಗಿ, ಇನ್ನು ತುಟಿ ಬಿಚ್ಚುವುದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟೆ. ಅವರ ರಾಟೆಗಳೂ ನಿಂತಿದ್ದವು; ಕೂಸುಗಳನ್ನು ಕಳಿಸಿದರು. ಮೂರು ದಿನ ಮೂಗಿಯ ಹಾಗೆ ಕೂತೆ. ಕೂಸುಗಳು ಒಂದು ತುತ್ತೂ ತಿನ್ನಲಿಲ್ಲ. ತಟ್ಟೆ ಹಿಡಿದು ನಾನೇ ಅತ್ತುಬಿಟ್ಟೆ.

ನಾಲ್ಕನೆಯ ದಿನ ಆ ದೊಡ್ಡವಳು ಜಗಲಿ ಹತ್ತಿ ಬಂದಳು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಅವಳು ಬೀದಿಯ ಆಚೆ ಈಚೆ ನೋಡಿ, ಮಗ್ಗುಲಲ್ಲಿ ಕೂತು ಪಿಸುಗುಟ್ಟಿದಳು.

"ಕೂಸು ಸಂಜೆ ಮನೆಗೆ ಬಂದ್ರೆ ಒಂದು ಸುದ್ದೀನೂ ಯೋಳಾಕಿಲ್ಲ. ಮೂಲೆಮನೆಯವ್ನು ಇನ್ನೂ ಅನೂರಲ್ಲೇ ಅವ್ನಾ? ನೀನಿಂಗೆ ಬಾಯಿ ಮುಚ್ಕಂಡಿದ್ರೆ ನಾಳೆಯಿಂದ ಕಳಿಸಾಕಿಲ್ಲ, ನೋಡು."

ಆಣೆಯನ್ನು ದೇವರಿಗೇ ಬಿಟ್ಟೆ. ತಟ್ಟೆ ಹತ್ತಿರ ಎಳೆದುಕೊಂಡು, "ಬಂದವ್ನೆ. ಆದ್ರೆ ಒಬ್ಬನೇ ಬಂದಿಲ್ಲ" ಅಂದೆ.

ಐದು ಬಾಯಿ ಒಟ್ಟಿಗೆ ತೆರೆದವು. ಆರನೆಯದು ಅವಳದು.

ಅವತ್ತು ಮತ್ತೆ ಏಕಾದಶಿ. ಆ ಬಾಯಿಗೂ ಒಂದು ತುತ್ತು ಇಟ್ಟೆ. ನುಂಗಿದಳು.