ಎರಡು ತ್ರಿಕೋನದ ಬೆಟ್ಟ

ಬೆಟ್ಟವೆಂದರೆ ಎರಡು ತ್ರಿಕೋನ, ನಡುವೆ ಸೂರ್ಯ, ಸೂರ್ಯನ ಬುಡದಿಂದ ನದಿ ಎಂದು ಚಿತ್ರಕಲಾ ಪ್ರೋತ್ಸಾಹ ಸಮಿತಿಯು ೧೯೭೮ರಲ್ಲಿ ತೀರ್ಮಾನಿಸಿತು. ಬೆಟ್ಟಗಳಿಗೆ ಇದನ್ನು ತಿಳಿಸುವ ಹೊಣೆ ಯಾರದೆಂದು ಸುತ್ತೋಲೆಯಲ್ಲಿ ಇರಲಿಲ್ಲ. ನಾನು ಆಲ್ಪ್ಸ್ ನೋಡಿದ್ದೇನೆ. ಅಲ್ಲೂ ಸಮಿತಿ ಒಪ್ಪುವಂಥವು ಒಂದೆರಡೇ.

ಬಾಳೂರು ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಯ ಜಹೀರಾ, ಜೀಪು ರಿಪೇರಿಯ ಇದ್ರೀಸನ ಮಗಳು, ಪರೀಕ್ಷೆಯಲ್ಲಿ ‘ನಿಸರ್ಗ ದೃಶ್ಯ ಬಿಡಿಸಿ’ ಎಂದಿದ್ದಕ್ಕೆ ಕಿಟಕಿಯಾಚೆ ನೋಡಿದಳು. ತಪ್ಪು ಆರಂಭವಾದದ್ದೇ ಅಲ್ಲಿ. ಎದುರಿನ ಗುಡ್ಡ ಮಲಗಿದ ಎಮ್ಮೆಯಂತೆ ಮಂಜಿನಲ್ಲಿ ಬಿದ್ದಿತ್ತು. ಹಾಗೆಯೇ ಬಿಡಿಸಿದಳು. ಇನ್‌ಸ್ಪೆಕ್ಟರ್ ಸಿದ್ದಬಸಪ್ಪನವರು ಸೊನ್ನೆ ಕೊಟ್ಟರು. ಚಿತ್ರಕಲೆಯಲ್ಲಿ ಫೇಲಾದವರಿಗೆ ಎಂಟನೇ ತರಗತಿ ಇಲ್ಲ. ಮಕ್ಕಳ ಸರ್ವತೋಮುಖ ವಿಕಾಸಕ್ಕೆಂದೇ ಮಾಡಿದ ನಿಯಮ.

ಇದ್ರೀಸ್ ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದ.

“ಸಾರ್, ಗುಡ್ಡ ಇರೋದೇ ಹಂಗಲ್ವಾ? ನೀವೇ ನೋಡಿ.”

ಸಿದ್ದಬಸಪ್ಪನವರು ನಿಷ್ಪಕ್ಷಪಾತವಾಗಿ ನೋಡಿದರು. “ಹೌದು, ಹಂಗೇ ಇದೆ. ಆದ್ರೆ ಪರೀಕ್ಷೆಗೆ ಕೂತಿದ್ದು ಗುಡ್ಡ ಅಲ್ಲ ಮಾರಾಯ, ನಿನ್ನ ಮಗಳು. ಸೂರ್ಯ ಎಲ್ಲಿ?”

“ಅವ್ನು ಹುಟ್ಟೋದು ಶಾಲೆ ಹಿಂದೆ ಸಾರ್.”

“ಮತ್ತೆ ಕಿಟಕಿ ಯಾಕೆ ಈ ಕಡೆ ಇಟ್ರಿ?”

ಹೆಡ್‌ಮಾಸ್ಟರ್ ಗಂಗಾಧರಪ್ಪನವರು ಗಾಬರಿಯಾದರು. “ನಾನಿಟ್ಟಿದ್ದಲ್ಲ ಸಾರ್, ನಾನು ಬರೋ ಮುಂಚೆನೇ ಇತ್ತು.”

ಅಪರಾಧಿ ಸಿಕ್ಕಿತು. ಮರುದಿನವೇ ಪ್ರಕಟಣೆ: ‘ಶಾಲೆಯಿಂದ ಕಾಣುವ ನಿಸರ್ಗವು ಪಠ್ಯಕ್ರಮಕ್ಕೆ ಅನುಗುಣವಾಗಿಲ್ಲದ ಕಾರಣ ಸದರಿ ಕಿಟಕಿಯನ್ನು ಹಲಗೆಯಿಂದ ಮುಚ್ಚಿ, ಹಲಗೆಯ ಮೇಲೆ ಅಧಿಕೃತ ನಿಸರ್ಗವನ್ನು ಬರೆಸತಕ್ಕದ್ದು.’

ಹಲಗೆ ಹೊಡೆದಾಯಿತು. ಬರೆಯುವವರು ಯಾರು?

“ನಾನು ತಿದ್ದೋನು, ಬಿಡಿಸೋನಲ್ಲ,” ಎಂದರು ಸಿದ್ದಬಸಪ್ಪನವರು. ಇಡೀ ಶಾಲೆಯಲ್ಲಿ ಚಿತ್ರ ಬರುತ್ತಿದ್ದುದು ಫೇಲಾದವಳೊಬ್ಬಳಿಗೇ.

“ಇದನ್ನ ಬರೆದ್ರೆ ಪಾಸಾ ಸಾರ್?” ಎಂದಳು ಜಹೀರಾ.

“ತ್ರಿಕೋನ ಚೂಪಾಗಿದ್ರೆ ಫಸ್ಟ್ ಕ್ಲಾಸು.”

ಜೀಪಿಗೆ ಬಳಿದು ಉಳಿದ ಹಸಿರು ಪೇಂಟನ್ನು ಇದ್ರೀಸನೇ ತಂದುಕೊಟ್ಟ. ಜಹೀರಾ ಸ್ಕೇಲು ಹಿಡಿದು ಎರಡು ಬೆಟ್ಟ ಎಳೆದಳು, ಸೂರ್ಯನಿಗೆ ಬಳೆ ಒತ್ತಿ ಗೆರೆ ಕೊರೆದಳು. ಪಾಸಾದಳು.

ಮುಂದಿನ ವರ್ಷ ಏಳನೇ ತರಗತಿಯ ಮಕ್ಕಳೆಲ್ಲ ಪರೀಕ್ಷೆಯಲ್ಲಿ ಕಿಟಕಿಯತ್ತ ತಿರುಗಿ ನೋಡಿ ಬರೆದರು. ಕೋಣೆಯಲ್ಲಿ ಬೆಳಕು ಸಾಲದೆ ಲಾಟೀನು ಹಚ್ಚಬೇಕಾಯಿತು, ಅಷ್ಟೆ. ‘ಇಲ್ಲಿನ ಮಕ್ಕಳು ನಿಸರ್ಗವನ್ನು ನೇರವಾಗಿ ನೋಡಿ ಕಲಿಯುತ್ತಿರುವುದು ಶ್ಲಾಘನೀಯ’ ಎಂದು ಸಮಿತಿ ಮೆಚ್ಚುಗೆ ಕಳಿಸಿತು.

ಅಂದು ಸಂಜೆ ಎಂಟನೇ ತರಗತಿಯ ಜಹೀರಾ ಮನೆಯ ದಾರಿಯಲ್ಲಿ ಅಪ್ಪನ ಜೊತೆ ನಿಂತು ಗುಡ್ಡವನ್ನೇ ನೋಡಿದಳು.

“ಇದು ಸರಿಯಾಗಿ ಬಂದಿಲ್ಲ ಅಲ್ವಾ, ಅಬ್ಬಾ?”

ಇದ್ರೀಸ್ ಒಂದು ಕಣ್ಣು ಮುಚ್ಚಿ ಅಳೆದ.

“ಹೌದು ಮಗಳೇ. ಮೇಲ್ಗಡೆ ಇನ್ನೂ ಚೂಪಾಗ್ಬೇಕಿತ್ತು.”