ನಮ್ಮತ್ತಿ ಕಣ್ಣಿನ ಔಷಧ, ಓಣಿಗೆಲ್ಲಾ ಒಂದೊಂದ ಹನಿ

ನಮ್ಮ ಮನಿಗಿ ಬಂದ ವಸ್ತು ನಮ್ಮ ಮನ್ಯಾಗ ಉಳಿಯೂದಿಲ್ಲ ನೋಡ್ರಿ. ಬನಹಟ್ಟಿಯೊಳಗ ಮಗ್ಗದ ಸಪ್ಪಳಾ ಹೆಂಗ ನಿಲ್ಲೂದಿಲ್ಲೋ ಹಂಗ ನಮ್ಮತ್ತಿ ಧಾರಾಳತನಾನೂ ನಿಲ್ಲೂದಿಲ್ಲ. ಏಣಿ, ಕೊಡಲಿ, ನಾನಿನ್ನೂ ಉಡದ ಹೊಸಾ ಸೀರಿ, ಎಲ್ಲಾ ಓಣಿ ತಿರುಗಿ ಬಂದಾವು. ಆದ್ರ ಕಣ್ಣಿನ ಔಷಧಾನೂ ತಿರುಗಾಕ ಹೊಂಡತೈತಿ ಅಂತ ನನಗೇನ ಗೊತ್ತು?

೧. ಮಾತಾಡ್ಸಾಕ ಬಂದವರು

ನಮ್ಮತ್ತಿಗಿ ಕಣ್ಣಾಗ ಮೋತಿಬಿಂದಿನ ಪೊರಿ ಬಂದು ಜಮಖಂಡಿಯೊಳಗ ಆಪರೇಶನ್ ಮಾಡಿಸಿದ್ವಿ. ಡಾಕ್ಟ್ರು ಒಂದು ಸಣ್ಣ ಬಾಟ್ಲಿ ಕೊಟ್ಟು ನಿಧಾನಕ ಹೇಳಿದ್ರು: "ಯಮ್ಮಾ, ಇದರಾಗ ಎರಡು ಔಷಧ ಅದಾವು. ಒಂದು ಕೀವು ಆಗದಂಗ ತಡೀತೈತಿ, ಇನ್ನೊಂದು ಬಾವು ಇಳಸ್ತೈತಿ. ಕೈ ತೊಳಕೊಂಡು, ತುದಿ ರೆಪ್ಪಿಗಿ ಹತ್ತದಂಗ ಒಂದ ಹನಿ ಹಾಕ್ರಿ. ನಾ ಹೇಳಿದಂಗ ಕಡಿಮಿ ಮಾಡಕೋತ ಬರ್ರಿ, ನಡುವ ಬಿಡಬ್ಯಾಡ್ರಿ. ಮತ್ತ ಇದು ನಿಮ್ಮ ಕಣ್ಣಿಗಷ್ಟ, ಯಾರಿಗೂ ಕೊಡಬ್ಯಾಡ್ರಿ."

ನಮ್ಮತ್ತಿ ದೇವರ ಮುಂದ ಆಣಿ ಮಾಡೋರಂಗ ತಲಿ ಅಲ್ಲಾಡಿಸಿದ್ಲು.

ಆಪರೇಶನ್ ಆದವರನ್ನ ಮಾತಾಡ್ಸಾಕ ಬರೂದು ನಮ್ಮ ಕಡೆ ರೂಢಿ. ಮೊದಲ ಬಂದವ ಬಾಜೂ ಮನಿ ಮಗ್ಗದ ಯಜಮಾನ. ನೂಲಿನ ಧೂಳ ಹೊಕ್ಕು ಅವನ ಕಣ್ಣು ಕೆಂಡ ಆಗಿದ್ವು.

"ಚಹಾ ಆಗೂತನಕ ಒಂದ ಹನಿ ಹಾಕ್ಕೋ" ಅಂದ್ಲು ನಮ್ಮತ್ತಿ, ತಾಂಬೂಲ ಕೊಟ್ಟಂಗ.

"ಅತ್ತೀ, ಯಾರಿಗೂ ಕೊಡಬ್ಯಾಡ ಅಂತ ಡಾಕ್ಟ್ರು ಹೇಳ್ಯಾರಲ್ರಿ?"

"ಕೊಡಬ್ಯಾಡ ಅಂತ ನನಗ ಹೇಳ್ಯಾರ. ತಗೋಬ್ಯಾಡ ಅಂತ ಅವಗ ಹೇಳಿಲ್ಲಲ್ಲ."

ಮರದಿನ ಅವನ ಕಣ್ಣಿನ ಕೆಂಪು ಹೋಗಿತ್ತು. ಚಹಾದಂಗಡ್ಯಾಗ ಡಂಗುರ ಹೊಡದ. ಅವತ್ತಿಂದ ಓಣ್ಯಾಗ ಯಾರ ಕಣ್ಣ ಕೆಂಪಾದ್ರೂ ನಮ್ಮತ್ತಿ ಮ್ಯಾಲೆ ಪ್ರೀತಿ ಉಕ್ಕಾಕ ಹತ್ತಿತು. ಮಾತ ಬಿಟ್ಟವರೂ ಬಂದ್ರು!

೨. ಸೆರಗಿನ ಸ್ವಚ್ಛ

ನಮ್ಮತ್ತಿ ಎಂಜಲಕ್ಕ ಭಾಳ ಕಡಕ. ನೀರು ಎತ್ತಿ ಕುಡೀಬೇಕು. ತುಟಿ ಹಚ್ಚಿದ ವಾಟಗಾ ನೀರಿನ ಕೊಡದ ಹತ್ರ ಇಟ್ಟೆ ಅಂತ ಒಮ್ಮೆ ಇಡೀ ಕೊಡ ಚೆಲ್ಲಿಸಿದಾಕಿ. ಬೈಗಳಾ ಬ್ಯಾರೆ.

ಹಿಂತಾ ಮನಿಗಿ ಸಾವಳಗಿಯಿಂದ ಆಕಿ ತಂಗಿ ಬಂದ್ಲು, ಕಣ್ತುಂಬ ಕಾಡಿಗಿ ಹಚ್ಚಿಕೊಂಡು. ಬಾಟ್ಲಿ ಇಸಕೊಂಡು, ಅದರ ತುದಿ ರೆಪ್ಪಿಗಿ ಒತ್ತಿ, ಈ ಕಡಿಂದ ಆ ಕಡಿಗಿ ಎಳದ್ಲು. ತುದಿ ಕರ್ರಗಾತು.

ನಾ ಚೀರಿದೆ. ನಮ್ಮತ್ತಿ ಬಾಟ್ಲಿ ತಗೊಂಡು ಸೆರಗಿಲೆ ತುದಿ ಒರಿಸಿದ್ಲು. "ಯಾಕ ಒದರತೀ? ಸ್ವಚ್ಛ ಆತು ನೋಡು."

ಅದ ಸೆರಗಿಲೆ ಈಗಷ್ಟ ಮೊಮ್ಮಗನ ಮೂಗು ಒರಿಸಿದ್ಲು.

೩. ತಮ್ಮಗ ಇಲ್ಲನ್ನಾಕ ಆಕೈತೇನ?

ನಮ್ಮತ್ತಿ ತಮ್ಮಂದು ಸಮೀರವಾಡಿ ಹತ್ರ ಕಬ್ಬಿನ ಹೊಲ. ಗರಿ ಹೊಡದು ಕಣ್ಣಾಗ ನೀರ ಸುರಿಸಕೋತ ಬಂದ. ಒಂದ ಹನಿ ಹಾಕಿಸಿಕೊಂಡು ಊಟಾ ಮಾಡಿ ಎದ್ದ. "ಅಕ್ಕಾ, ಅಮೃತ ಐತಿ ಬೇ ಇದು!" ಅಂದವನೇ ಬಾಟ್ಲಿ ಕಿಸೆದಾಗ ಇಳಿಸಿದ.

"ಅತ್ತೀ, ನಿಮ್ಮ ಕಣ್ಣಿಗಿ?"

"ನನಗ ಕಾಣಾಕತ್ತೈತಲ್ಲ, ಇನ್ನ ಯಾಕ? ತಮ್ಮಗ ಇಲ್ಲನ್ನಾಕ ಆಕೈತೇನ?"

ಗಂಡಗ ಹೇಳಿದೆ. ಮಗ್ಗದ ಮುಂದಿಂದ ತಲಿ ಎತ್ತಲಾರದ "ಅವ್ವಂದು ನೀನ ನೋಡ್ಕೋ" ಅಂದ್ರು. ಕಣ್ಣು ಛಲೋ ಇದ್ದೂ ಏನೂ ಕಾಣದವರು ನಮ್ಮ ಮನ್ಯಾಗ ಇವರೊಬ್ಬರ ಅದಾರ.

೪. ಹಾಜರಿ

ನಾಕ ದಿನಕ್ಕ ನಮ್ಮತ್ತಿ ಕಣ್ಣು ಕೆಂಪಾಗಿ ಬಾತಿತು. ಬೆಳಕ ಬಿದ್ರ ಸಾಕು, "ಯವ್ವಾ" ಅಂತಿದ್ಲು. ನಾವಿಬ್ಬರೂ ಜಗಳಾ ಆಡ್ತೇವಿ, ಖರೆ. ಆದ್ರ ಆ ಕಣ್ಣು ಹೋದ್ರ ನನ್ನ ತಪ್ಪು ಹುಡುಕೋರು ಯಾರ್ರಿ?

ಜಮಖಂಡಿಗಿ ಓಡಿದ್ವಿ. ದವಾಖಾನ್ಯಾಗ ಬೆಂಚಿನ ಮ್ಯಾಲೆ ಆಕಿ ತಮ್ಮ ನಮಗಿಂತ ಮೊದಲ ಬಂದು ಕುಂತಾನ! ಅವನ ಕಣ್ಣಿನ ಕರೀಗುಡ್ಡಿ ಮ್ಯಾಲೆ ಬಿಳೀ ಕಲೆ. ಕಿಸೆದಿಂದ ಬಾಟ್ಲಿ ತಗದು ಡಾಕ್ಟ್ರ ಮುಂದಿಟ್ಟ.

"ಇದನ್ನ ಯಾರ್ಯಾರು ಹಾಕ್ಕೊಂಡೀರಿ?"

ನಮ್ಮತ್ತಿ ಮದುವಿ ಊಟಕ್ಕ ಕರದವರ ಹೆಸರ ಹೇಳಿದಂಗ ಹೇಳಾಕ ಹತ್ತಿದ್ಲು. ಡಾಕ್ಟ್ರು ತಲಿ ಹಿಡಕೊಂಡ್ರು. "ಕಬ್ಬಿನ ಗರಿ ಹೊಡದ ಕಣ್ಣಾಗ ಬೂಷ್ಟು ಬೆಳೀತೈತಿ. ಬಾವು ಇಳಸೂ ಔಷಧ ಹಾಕಿದ್ರ ಅದಕ್ಕ ಗೊಬ್ಬರಾ ಹಾಕಿದಂಗ! ಇನ್ನ ಸ್ವಲ್ಪ ತಡಾ ಆಗಿದ್ರ ಇವನ ಕಣ್ಣ ಹೋಗ್ತಿತ್ತು. ನಿಮಗ ಔಷಧ ನಡುವ ನಿಂತು ಬಾವು ತಿರುಗಿ ಬಂದೈತಿ."

"ಉಳದವರಿಗೆಲ್ಲಾ ಛಲೋ ಆಗೈತಲ್ರಿ?"

"ಕೆಂಪ ಹೋಗೈತಿ ಯಮ್ಮಾ. ಬ್ಯಾನಿ ಹೋಗೇತೋ ಇಲ್ಲೋ ಯಾರ ನೋಡ್ಯಾರ? ಇದನ್ನ ಮನಸಿಗಿ ಬಂದಂಗ ಹಾಕ್ಕೋತ ಹೋದ್ರ ಕಣ್ಣಿನ ಒತ್ತಡ ಏರಿ ದೃಷ್ಟಿನ ಹೋಗ್ತೈತಿ."

ನಮ್ಮತ್ತಿ ಮಾರಿ ಹಂಗ ಇತ್ತು, ಒಂದೂ ತಲಿಗಿ ಹೋಗಿರಲಿಲ್ಲ. ನನಗ ತಡೀಲಿಲ್ಲ. "ಅತ್ತೀ, ಅದು ಎಂಜಲರೀ! ಓಣಿ ಮಂದೀದೆಲ್ಲಾ ಕಣ್ಣಿನ ಎಂಜಲ. ಅದನ್ನ ನೀವು ನಿಮ್ಮ ಕಣ್ಣಾಗ ಹಾಕ್ಕೊಂಡೀರಿ!"

"ಶಿವಶಿವಾ!" ಅಂತ ಕುರ್ಚಿ ಬಿಟ್ಟ ಎದ್ದ ನಿಂತ್ಲು. ಡಾಕ್ಟ್ರು ಎಷ್ಟೋ ವರ್ಷ ಓದಿ ಹೇಳಿದ್ದು ತಾಗಲಿಲ್ಲ, ಎಂಜಲ ತಾಗಿತು.

೫. ಯಾರ ಎಂಜಲ?

ದೇವರ ದಯಾ, ಇಬ್ಬರ ಕಣ್ಣೂ ಉಳದ್ವು. ತಮ್ಮಂದು ಬ್ಯಾರೆ ಔಷಧಕ್ಕ ಭಾಳ ದಿನ ಹಿಡೀತು, ಸಣ್ಣ ಕಲೆ ಹಂಗ ಉಳೀತು. ಮತ್ತೊಮ್ಮೆ ತೋರಸಾಕ ಹೋದಾಗ ನರ್ಸಬಾಯಿ ಗುಡ್ಡಿ ಅಗಲ ಮಾಡೂ ಔಷಧ ಹಿಡಕೊಂಡು ಬೆಂಚಿನ ಮ್ಯಾಲೆ ಕುಂತವರಿಗೆಲ್ಲಾ ಒಂದ ಬಾಟ್ಲಿಲೆ ಹಾಕ್ಕೋತ ಬಂದ್ಲು. ನಮ್ಮ ಬಾಜೂ ಮುದುಕನ ರೆಪ್ಪಿಗಿ ತುದಿ ಹತ್ತೇಬಿಟ್ಟಿತು. ಮುಂದಿನ ಪಾಳಿ ನಮ್ಮತ್ತೀದು.

ನಮ್ಮತ್ತಿ ಆಕಿ ಮುಂಗೈ ಹಿಡದ್ಲು. "ತಂಗೀ, ಇದು ಯಾರ ಎಂಜಲ?"

ಗದ್ದಲಾ ಕೇಳಿ ಡಾಕ್ಟ್ರು ಹೊರಗ ಬಂದ್ರು. ನಮ್ಮತ್ತಿ ಅವರಿಗಿ ಅವರದ ಪಾಠಾ ಒಪ್ಪಿಸಿದ್ಲು: "ಕೈ ತೊಳಕೋಬೇಕ್ರಿ. ತುದಿ ರೆಪ್ಪಿಗಿ ಹತ್ತಬಾರದ್ರಿ. ಒಬ್ಬರ ಬಾಟ್ಲಿ ಇನ್ನೊಬ್ಬರಿಗಿ ಹಾಕಬಾರದ್ರಿ." ಬೆಂಚಿನ ಮ್ಯಾಲೆ ಕುಂತವರೆಲ್ಲಾ ಕಣ್ಣ ಮುಚ್ಚಿಕೊಂಡು ಎದ್ದ ನಿಂತ್ರು.

ಡಾಕ್ಟ್ರು ಆ ಬಾಟ್ಲಿ ಕಸದ ಬುಟ್ಟಿಗಿ ಒಗದು, ಕೈ ತೊಳಕೊಂಡು, ಹೊಸಾದು ಒಡದು, ಎತ್ತಿ ಹಿಡದು ಒಂದ ಹನಿ ಬಿಟ್ರು. ನಮ್ಮತ್ತಿ ಇನ್ನೊಂದು ಕಣ್ಣಿಲೆ ಅವರ ಕೈನ ನೋಡಾಕತ್ತಿದ್ಲು.

ಹೊರಗ ಬರೂವಾಗ ದವಾಖಾನಿಗೆಲ್ಲಾ ಕೇಳೂವಂಗ ನನಗ ಹೇಳಿದ್ಲು:

"ಡಾಕ್ಟ್ರು ಪಾಪ, ಭಾಳ ಛಲೋ ಮನಶ್ಯಾ. ಎಂಜಲ ಅಂದ್ರ ಏನಂತ ಸಣ್ಣಾವಿದ್ದಾಗ ಮನ್ಯಾಗ ಯಾರೂ ಕಲಿಸಿಲ್ಲ, ಅಷ್ಟ."