ದೊಡ್ಡವರು ಸತ್ತರೆ ನಮ್ಮ ಡ್ರಮ್ಮು ಖಾಲಿ

ನಮ್ಮ ಕಾಕಾನಷ್ಟು ನೆಂಟರನ್ನು ಕಳೆದುಕೊಂಡ ಮನುಷ್ಯ ಗೋವಾದ ಇಡೀ ವಾಸ್ಕೋದಲ್ಲಿ ಇನ್ನೊಬ್ಬನಿಲ್ಲ. ಅವನ ನೆಂಟರಲ್ಲಿ ಗಾಯಕಿಯರಿದ್ದರು, ನಟರಿದ್ದರು, ವಿಜ್ಞಾನಿಗಳಿದ್ದರು, ಮಂತ್ರಿಗಳಿಗಂತೂ ಬರವೇ ಇರಲಿಲ್ಲ. ಇವರಲ್ಲಿ ಒಬ್ಬರೂ ನಮ್ಮ ಮನೆಗೆ ಬಂದು ಒಂದು ಕಪ್ ಚಹಾ ಕುಡಿದವರಲ್ಲ. ಮಂಗೋರ್ ಹಿಲ್‌ನಲ್ಲಿ ಇಂಥದೊಂದು ಪ್ರಾಣಿ ಬದುಕಿದೆ ಎಂಬ ಸುಳಿವೂ ಅವರಿಗಿರಲಿಲ್ಲ. ಆದರೆ ಅವರು ಕಣ್ಣು ಮುಚ್ಚಿದರೆ ಸಾಕು, ಕಾಕಾ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾನೆ!

ಬಳಗದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಸ್ನಾನ ಮಾಡುವುದು ನಾವು ಬಿಟ್ಟುಬಂದ ವಿಜಯಪುರದ ಕಡೆಯ ಪದ್ಧತಿ. ದೂರದ ಸಂಬಂಧವಾದರೆ ಆ ಒಂದು ಸ್ನಾನಕ್ಕೇ ಸೂತಕ ಕಳೆಯುತ್ತದೆ. ಇದರಲ್ಲಿ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ‘ಬಳಗ’ ಎಂಬ ಮಾತಿನ ಬಗ್ಗೆ. ಟಿವಿಯಲ್ಲಿ ಒಂದು ಸಲ ಮುಖ ಕಂಡವರೆಲ್ಲ ಕಾಕಾನ ಪಾಲಿಗೆ ಬಳಗ. ಅವರು ಬದುಕಿರುವವರೆಗೆ ಇವನಿಗೆ ಅವರ ಗೊಡವೆಯೇ ಇಲ್ಲ. ಹಾಡು ಕೇಳುವುದಿಲ್ಲ, ಸಿನಿಮಾ ನೋಡುವುದಿಲ್ಲ, ಓಟು ಹಾಕುವಾಗಲೂ ಹೆಸರು ನೋಡುವುದಿಲ್ಲ. ಸತ್ತ ಮೇಲೆ ಮಾತ್ರ ಸಂಬಂಧ ಶುರು!

ನನಗ್ಯಾಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಡ್ರಮ್ಮು ತುಂಬುವವಳು ನಾನು, ಅದಕ್ಕೆ! ಗುಡ್ಡದ ಮೇಲೆ ನಮ್ಮವು ಒಂದಕ್ಕೊಂದು ಅಂಟಿಕೊಂಡ ಎರಡು ಖೋಲಿಗಳು. ಒಂದರಲ್ಲಿ ಅವ್ವ ಮತ್ತು ನಾನು, ಇನ್ನೊಂದರಲ್ಲಿ ಅಪ್ಪನ ತಮ್ಮನಾದ ಕಾಕಾ ಮತ್ತು ಕಾಕಿ. ಎರಡೂ ಖೋಲಿಗಳಿಗೆ ಸೇರಿ ಒಂದೇ ಒಂದು ನೀಲಿ ಡ್ರಮ್ಮು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಆ ನಲ್ಲಿಗೂ ಗೊತ್ತಿಲ್ಲ. ಬಂದಾಗ ಕೊಡ ಹೊತ್ತು ಮೆಟ್ಟಿಲು ಹತ್ತಿ ಡ್ರಮ್ಮು ತುಂಬಿ, ಒದ್ದೆ ಚೂಡಿದಾರದಲ್ಲೇ ಓಡಿಹೋಗಿ ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂರುವವಳು ನಾನು. ಸಂಜೆ ಬರುವಷ್ಟರಲ್ಲಿ ದೆಹಲಿಯಲ್ಲೋ ಮುಂಬೈಯಲ್ಲೋ ಯಾರೋ ಮಹಾನುಭಾವರು ಪ್ರಾಣ ಬಿಟ್ಟಿರುತ್ತಾರೆ. ನನ್ನ ಡ್ರಮ್ಮಿನ ತಳ ಕಾಣುತ್ತಿರುತ್ತದೆ.

ಕಾಕಾ ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಕೂಲಿ. ಮೈಮೇಲಿನ ಕರಿ ತೊಳೆಯಲು ಅವನಿಗೆ ಅರ್ಧ ಬಕೆಟ್ಟು ಸಾಕು, ಅಷ್ಟರಲ್ಲೇ ಬೆಳ್ಳಗಾಗುವ ವಿದ್ಯೆ ಅವನಿಗಿದೆ. ಆದರೆ ಸೂತಕಕ್ಕೆ ತುಂಬಿದ ಬಕೆಟ್ಟೇ ಬೇಕು. ಅದೂ ಹೋಗಲಿ. ಕೊನೆಯ ತಂಬಿಗೆ ನೀರನ್ನು ಮೈಮೇಲೆ ಹಾಕಿಕೊಳ್ಳದೆ, ಮೂಡಣಕ್ಕೆ ತಿರುಗಿ, ಗುಡ್ಡದ ಇಳಿಜಾರಿಗೆ ಸುರುವಿಬಿಡುತ್ತಾನೆ. ಕುಡಿಯುವಂಥ ನೀರು ಕಲ್ಲಿನ ಮೇಲೆ! ಇದನ್ನೆಲ್ಲ ತಡೆಯಬೇಕಾದ ನನ್ನ ಅವ್ವ ಏನು ಮಾಡುತ್ತಾಳೆ? ಒಣಗಿದ ಟವೆಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಒಂದು ದಿನವೂ ಅವಳ ಬಾಯಿಂದ ‘ಸಾಕು ಮಾಡು’ ಎಂಬ ಮಾತು ಬಂದಿದ್ದಿಲ್ಲ. ಮನೆಯಲ್ಲಿ ನ್ಯಾಯದ ಪರ ಇದ್ದವರು ನಾನು ಮತ್ತು ಕಾಕಿ, ಇಬ್ಬರೇ.

ಹಾಗೆಂದು ಕಾಕಾ ಎಲ್ಲರಿಗೂ ಒಂದೇ ಅಳತೆ ಹಾಕುವವನಲ್ಲ. ಅವನಲ್ಲೂ ಕಾನೂನುಗಳಿವೆ. ಹಾಡುವವರಿಗೆ, ಕುಣಿಯುವವರಿಗೆ ತಣ್ಣೀರು. ರಾಕೆಟ್ಟು ಬಿಟ್ಟ ದೊಡ್ಡ ವಿಜ್ಞಾನಿಯೊಬ್ಬರು ಹೋದಾಗ, ಬಚ್ಚಲ ತಗಡಿನ ಕೆಳಗೆ ಸ್ನಾನ ಮಾಡಿದರೆ ಅವರಿಗೆ ಕಾಣುವುದಿಲ್ಲವೆಂದು ಬಯಲಿಗೆ ಬಂದು, ಆಕಾಶ ನೋಡುತ್ತ ನೀರು ಸುರಿದುಕೊಂಡ. ನಾಲ್ಕು ಪಕ್ಷ ತಿರುಗಿ ಬಂದ ರಾಜಕಾರಣಿಯೊಬ್ಬ ಸತ್ತಾಗ ಮಾತ್ರ ಬಹಳ ಹೊತ್ತು ಯೋಚಿಸಿ, ಬರೀ ಕಾಲು ತೊಳೆದುಕೊಂಡು ಬಂದ.

“ಯಾಕ, ಇಂವ ಬಳಗ ಅಲ್ಲೇನ?” ಎಂದು ಕಾಕಿ ಚುಚ್ಚಿದಳು.

“ಬಳಗನ ಹೌದು. ಆದ್ರ ಮಾತು ಬಿಟ್ಟ ಬಳಗ,” ಎಂದ ಕಾಕಾ.

ಯಾವುದೋ ದೇಶದ ಫುಟ್‌ಬಾಲ್ ಆಟಗಾರ ತೀರಿಕೊಂಡಾಗ ಇಡೀ ಗೋವಾ ಕಣ್ಣೀರಿಟ್ಟಿತು, ಕಾಕಾ ಬಕೆಟ್ಟು ಎತ್ತಿದ. ಕಾಕಿ ಅಡ್ಡ ನಿಂತಳು. ಹೊರದೇಶದವರ ಸೂತಕ ಸಮುದ್ರ ದಾಟುವುದಿಲ್ಲ ಎಂಬುದು ಅವಳ ಶಾಸ್ತ್ರ. ಕಾಕಾ ಕೆಳಗಿನ ಬಂದರಿನತ್ತ ಕೈ ಮಾಡಿ, “ಸಮುದ್ರ ದಾಟಿ ಇಷ್ಟು ಕಲ್ಲಿದ್ದಲಾ ಬರ್ತೈತಿ, ನಮ್ಮ ರೊಟ್ಟಿ ಮ್ಯಾಲೂ ಅದರ ಧೂಳಾ ಕುಂದರ್ತೈತಿ. ಸೂತಕ ಒಂದು ಬರೂದಿಲ್ಲೇನ?” ಎಂದ. ಪಕ್ಕದ ಮನೆಯ ಕ್ರಿಸ್ತಾಂವ್ ಅಜ್ಜಿ ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿ, ಕಾಕಾ ಸತ್ತ ಆಟಗಾರನ ಭಾರೀ ಅಭಿಮಾನಿಯೆಂದು ತಿಳಿದು ಬಿಸಿ ಪಾವ್ ತಂದುಕೊಟ್ಟಳು. ಫುಟ್‌ಬಾಲಿನ ಒಂದು ತಂಡದಲ್ಲಿ ಎಷ್ಟು ಜನ ಎಂಬುದು ಇವನಿಗೆ ಇವತ್ತಿಗೂ ಗೊತ್ತಿಲ್ಲ. ಪಾವ್ ಮಾತ್ರ ಸಂಕೋಚವಿಲ್ಲದೆ ತಿಂದ.

ಆದರೂ ನನ್ನ ಹೊಟ್ಟೆ ಉರಿಸಿದ್ದು ಆ ಕ್ರಿಕೆಟಿಗನ ಪ್ರಸಂಗ. ಯಾರೋ ಭಜಿ ಕಟ್ಟಿಕೊಟ್ಟ ಕನ್ನಡ ಪೇಪರಿನಲ್ಲಿ ಕಾಕಾ ಎಣ್ಣೆಯ ಕಲೆಯ ನಡುವೆ ಒಂದು ತಲೆಬರಹ ಓದಿದ: ‘ಇನಿಂಗ್ಸ್ ಮುಗಿಸಿದ ದಿಗ್ಗಜ’. ಕೆಳಗೆ ದೊಡ್ಡ ಫೋಟೋ. ಮುಗಿಯಿತಲ್ಲ ಕಥೆ! ನಾನು ಅಂಗಡಿಯಿಂದ ಬರುವಷ್ಟರಲ್ಲಿ ತಲೆ ಒರೆಸಿಕೊಳ್ಳುತ್ತ ಕೂತಿದ್ದ.

“ಕಾಕಾ, ಅಂವ ಸತ್ತಿಲ್ಲ. ಆಟದಿಂದ ನಿವೃತ್ತಿ ಆಗ್ಯಾನ,” ಎಂದೆ, ಹಲ್ಲು ಕಚ್ಚಿಕೊಂಡು.

“ಇನಿಂಗ್ಸ್ ಮುಗಸ್ಯಾನ ಅಂತ ಬರದಾರಲ್ಲ?”

“ಆಟದ್ದು ಮುಗಸ್ಯಾನ.”

“ಹೋದ ತಿಂಗಳ ಆ ಮುದುಕ ನಟ ಸತ್ತಾಗೂ ಹಿಂಗ ಬರದಿದ್ರು. ಅಂವ ಯಾವ ಆಟ ಆಡತಿದ್ದ?”

ಪೇಪರಿನವರೇ, ನಿಮಗೆ ಕೈ ಮುಗಿಯುತ್ತೇನೆ, ಸತ್ತವರನ್ನು ಸತ್ತರು ಎಂದೇ ಬರೆಯಿರಿ! ನಿಮ್ಮ ಅಲಂಕಾರಕ್ಕೆ ನಮ್ಮ ಡ್ರಮ್ಮು ಖರ್ಚಾಗುತ್ತಿದೆ.

ಪೇಪರು ಸಾಲದೆಂದು ಮೊಬೈಲು ಬಂತು. ಹಿರಿಯ ನಟನೊಬ್ಬ ಹೋದನೆಂದು ವಾಟ್ಸಾಪಿನಲ್ಲಿ ಯಾರೋ ಹೂವಿನ ಹಾರದ ಫೋಟೋ ಕಳಿಸಿದರು. ಕಾಕಾ ಜ್ವರವಿದ್ದರೂ ಬಿಡದೆ ತಣ್ಣೀರು ಸುರಿದುಕೊಂಡ. ಸಂಜೆ ಟಿವಿ ಹಚ್ಚಿದರೆ, ಅದೇ ನಟ ಕೂದಲಿನ ಎಣ್ಣೆಯ ಜಾಹೀರಾತಿನಲ್ಲಿ ನಗುತ್ತ ಕೂತಿದ್ದಾನೆ! ಜಾಹೀರಾತು ಹಳೆಯದಿರಬಹುದೆಂದುಕೊಂಡರೆ ಆಮೇಲೆ ವಾರ್ತೆಯಲ್ಲಿ ತಾನು ಗಟ್ಟಿಮುಟ್ಟಾಗಿದ್ದೇನೆಂದು ಖುದ್ದು ಅವನೇ ಬಂದು ಹೇಳಿದ. ಕಾಕಾನಿಗೆ ಬಂದ ಸಿಟ್ಟು ನೋಡಬೇಕಿತ್ತು.

“ಇಲ್ಲಿ ನಾ ತಲಿ ತೋಯಿಸಿಕೊಂಡು ನಡಗಾಕತ್ತೇನಿ, ಅಲ್ಲಿ ಇಂವ ತಲಿಗೆ ಎಣ್ಣಿ ಹಚ್ಚಾಕತ್ತಾನ,” ಎಂದು ರಿಮೋಟು ಎಸೆದ. ಕೆಲವು ವರ್ಷಗಳ ನಂತರ ಆ ನಟ ನಿಜವಾಗಿಯೂ ತೀರಿಕೊಂಡ. ನಾನು ಡ್ರಮ್ಮಿನತ್ತ ಓಡಿದೆ. ಕಾಕಾ ಕೂತಲ್ಲಿಂದ ಏಳಲಿಲ್ಲ. “ಅವಂದು ಮೊದಲ ಆಗೇತಿ,” ಎಂದು ರೊಟ್ಟಿ ಮುರಿದ. ಎಷ್ಟೋ ಸಾವುಗಳಲ್ಲಿ ನಮಗೆ ಉಳಿತಾಯವಾದದ್ದು ಅದೊಂದೇ.

ಇಷ್ಟೆಲ್ಲ ಸಹಿಸಿಕೊಂಡು ಬಂದವಳಿಗೆ ಈ ಚಳಿಗಾಲದಲ್ಲಿ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ಫೋಂಡಾದ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಮೆಕ್ಯಾನಿಕ್, ಅವರದೂ ಮೂಲ ನಮ್ಮ ಕಡೆಯೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀಗರು ಬರುವವರಿದ್ದರು. ನಾನು ಹುಟ್ಟಿ ಇನ್ನೂ ಹೆಸರಿಡುವ ಮೊದಲೇ, ಇಲ್ಲೇ ಗೋವಾದ ಚಿಂಬಲ್‌ನಲ್ಲಿ ಕಟ್ಟಡದ ಕೆಲಸ ಮಾಡುವಾಗ ಬಿದ್ದು ಅಪ್ಪ ತೀರಿಕೊಂಡಿದ್ದ. ಆದ್ದರಿಂದ ಅಪ್ಪನ ಜಾಗದಲ್ಲಿ ಕೂತು ವೀಳ್ಯ ಹಿಡಿಯಬೇಕಾದವನು ಕಾಕಾನೇ. ಶುಕ್ರವಾರದಿಂದ ನಲ್ಲಿ ಉಸಿರು ಬಿಟ್ಟಿರಲಿಲ್ಲ. ಇದ್ದ ಒಂದು ಡ್ರಮ್ಮು ನೀರಿನಲ್ಲೇ ಅಡುಗೆ, ಕುಡಿಯಲಿಕ್ಕೆ, ಬಂದವರು ಕಾಲು ತೊಳೆಯಲಿಕ್ಕೆ, ಎಲ್ಲವೂ ಆಗಬೇಕು. ಡ್ರಮ್ಮಿಗೆ ಮುಚ್ಚಳ ಹಾಕಿ ಅದರ ಮೇಲೆ ರುಬ್ಬುವ ಗುಂಡು ಹೇರಿಟ್ಟಿದ್ದೆ. ಆ ಎರಡು ದಿನ ದೇಶದ ಯಾವ ದೊಡ್ಡವರಿಗೂ ಏನೂ ಆಗದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತವಳು ಇಡೀ ದೇಶದಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಮುಂಜಾನೆ ನಾನು ಸೀರೆ ಉಟ್ಟು ತಲೆ ಬಾಚುತ್ತಿದ್ದೆ. ಟಿವಿಯಲ್ಲಿ ಒಮ್ಮೆಲೇ ಹಾಡು ನಿಂತಿತು. ದೇಶ ಕಂಡ ಮಹಾನ್ ಗಾಯಕಿ ಇನ್ನಿಲ್ಲ ಎಂದು ಒಬ್ಬಳು ಹೇಳತೊಡಗಿದಳು. ಬಾಚಣಿಗೆ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ನಾನು ಹೋಗುವಷ್ಟರಲ್ಲಿ ಕಾಕಾ ಹೊಸ ಅಂಗಿ ಕಳಚಿಟ್ಟು, ಬಕೆಟ್ಟು ಹಿಡಿದು, ಗುಂಡು ಇಳಿಸಲು ಕೈ ಹಾಕಿದ್ದ. ನಾನು ಡ್ರಮ್ಮಿಗೆ ಬೆನ್ನು ಹಚ್ಚಿ ನಿಂತೆ.

“ಒಂದು ಹನಿ ಮುಟ್ಟಬ್ಯಾಡ ಕಾಕಾ. ಹತ್ತಕ್ಕ ಬೀಗರು ಬರ್ತಾರ.”

“ಒಂದ ಬಕೀಟ ಅವ್ವಿ.”

“ಆಕಿ ನಿನಗೇನಾಗಬೇಕು? ಆಕಿಗೆ ಅಳಾಕ ದೇಶ ತುಂಬ ಮಂದಿ ಐತಿ. ನನ್ನ ನಿಶ್ಚಯಕ್ಕ ನೀ ಒಬ್ಬನ ಇರೂದು. ಹಸಿ ತಲಿಲೆ, ಸೂತಕದ ಮನುಷ್ಯಾನಂಗ ಅವರ ಮುಂದ ಕುಂದರ್ತೀಯೇನ?” ನನ್ನ ದನಿ ಗುಡ್ಡದ ಕೆಳಗಿನವರೆಗೂ ಕೇಳಿರಬೇಕು. ಇಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಹೊರಬಂತು. ವಿಜ್ಞಾನಿಯಿಂದ ಹಿಡಿದು ಎಣ್ಣೆ ಹಚ್ಚಿದ ನಟನವರೆಗೆ ಯಾರನ್ನೂ ಬಿಡದೆ ಬೈದೆ. ಕಡೆಗೆ, “ಕುಡಿಯೂ ನೀರು ಕಲ್ಲಿಗೆ ಚೆಲ್ಲಾಂವಗ ನಾ ಏನ್ ಹೇಳಲಿ,” ಎಂದೆ.

ಕಾಕಿ ನನ್ನ ಪರ ಮಾತಾಡುತ್ತಾಳೆಂದು ನೋಡಿದರೆ ಅವಳು ಸೆರಗು ಬಾಯಿಗೆ ಹಚ್ಚಿ ಒಳಗೆ ಹೋದಳು. ಅವ್ವ ಎಂದಿನಂತೆ ಟವೆಲು ಹಿಡಿದು ಬಾಗಿಲಲ್ಲಿದ್ದಳು. ಕಾಕಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

“ಆಕಿ ನನಗೇನೂ ಆಗಬೇಕಿಲ್ಲ,” ಎಂದ. “ನಿಮ್ಮಪ್ಪ ಕಟ್ಟಡಕ್ಕ ಕಟ್ಟಿದ ಪರಾಂಚಿ ಮ್ಯಾಲಿಂದ ಬಿದ್ದನಲ್ಲ, ಆವತ್ತ ಮ್ಯಾಚ್ ಇತ್ತು. ಯಾವನೋ ಒಬ್ಬ ಸೆಂಚುರಿ ಹೊಡದಿದ್ದ. ಈ ಗುಡ್ಡದ ಮಂದಿಯೆಲ್ಲಾ ಕುಣದ್ವಿ. ನಾ ಪೇಢಾ ತಿಂದೆ, ಮಂದಿಗೆ ತಿನಿಸಿದೆ. ನಿನ್ನ ಹಡದು ನಿಮ್ಮವ್ವ ತೌರುಮನಿಯಾಗಿದ್ಲು. ಸೈಟಿನ ಮಂದಿ ಅಣ್ಣನ್ನ ಟೆಂಪೋದಾಗ ಹಾಕಿ ಸೀದಾ ಊರಿಗೆ ಒಯ್ದ್ರು. ಚಿಂಬಲ್ಲಿಂದ ವಾಸ್ಕೋಕ್ಕ ಎಷ್ಟ ದೂರ? ಇಷ್ಟ ದಾರಿ. ನನಗ ಒಬ್ಬರೂ ಹೇಳಲಿಲ್ಲ. ಅಂವ ಘಟ್ಟ ಹತ್ತಾಕತ್ತಾಗ ನಾ ಇಲ್ಲಿ ಕುಣ್ಯಾಕತ್ತಿದ್ದೆ. ಸುದ್ದಿ ಬಂದಾಗ ಮಣ್ಣ ಮಾಡಿ ಮುಗದಿತ್ತು.”

ನನ್ನ ಬೆನ್ನಿಗೆ ಡ್ರಮ್ಮು ತಣ್ಣಗೆ ತಗಲುತ್ತಿತ್ತು. ಅಪ್ಪ ಬಿದ್ದು ಸತ್ತದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

“ದೊಡ್ಡವರು ಸತ್ರ ಕೂಡ್ಲೇ ಹೇಳ್ತಾರ ನೋಡು,” ಎಂದ ಕಾಕಾ, ಟಿವಿಯ ದನಿಯತ್ತ ಗೋಣು ಹಾಕಿ. “ಅದಕ್ಕ ಕೇಳಿದ ಕೂಡ್ಲೇ ಹಾಕ್ಕೊಂತೀನಿ, ತಡಾ ಮಾಡೂದಿಲ್ಲ. ಕಡೀ ತಂಬಿಗಿ ಘಟ್ಟದ ಕಡೆ ಚೆಲ್ಲೂದು ಅಣ್ಣನ ಹೆಸರಲೆ. ದೊಡ್ಡವರು ಹೋಗೂ ಮುಂದ ಮಂದಿ ಭಾಳ ಕೂಡಿರ್ತಾರ. ಆ ಗದ್ದಲದಾಗ ಅಂವನೂ ಹೋಗಲಿ ಅಂತ. ಅಂವ ಹೋಗೂ ಮುಂದ ಯಾರೂ ಇರಲಿಲ್ಲ.”

ಅವ್ವ ಯಾಕೆ ಇಷ್ಟು ವರ್ಷ ಮಾತಿಲ್ಲದೆ ಟವೆಲು ಹಿಡಿದು ನಿಲ್ಲುತ್ತಿದ್ದಳೆಂಬುದು ನನಗೆ ಆಗ ತಿಳಿಯಿತು. ಅವಳತ್ತ ನೋಡುವ ಧೈರ್ಯವಾಗಲಿಲ್ಲ. ಗುಂಡು ನಾನೇ ಇಳಿಸಿದೆ, ಬಕೆಟ್ಟು ನಾನೇ ಅಂಚಿನವರೆಗೆ ತುಂಬಿದೆ. ಕಾಕಾ ನಡುಗುತ್ತ ನೀರು ಹಾಕಿಕೊಂಡ. ಕೊನೆಯ ತಂಬಿಗೆ ಉಳಿದಾಗ ನಾನು ಕೈ ಚಾಚಿದೆ. ಅವನು ತಂಬಿಗೆ ಕೊಟ್ಟ. ಮೂಡಣಕ್ಕೆ, ಘಟ್ಟದ ಕಡೆಗೆ ತಿರುಗಿ ನಿಧಾನವಾಗಿ ಸುರಿದೆ. ನಿಶ್ಚಯದ ಸೀರೆಯ ಅಂಚು ಒದ್ದೆಯಾಯಿತು. ನಾನು ಹುಟ್ಟಿದ ಮೇಲೆ ಅಪ್ಪನಿಗೆಂದು ಮಾಡಿದ ಮೊದಲ ಕೆಲಸ ಅದು.

ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಹುಡುಗನ ಅಪ್ಪ ಹಳೆಯ ಕಾಲದ ಮನುಷ್ಯ. ಕಾಕಾನ ತೊಟ್ಟಿಕ್ಕುವ ತಲೆ ನೋಡಿದರು, ನನ್ನ ಸೀರೆಯ ಒದ್ದೆ ಅಂಚು ನೋಡಿದರು, ಚಾಪೆಯ ಮೇಲೆ ಕೂರಲೋ ಬೇಡವೋ ಎಂದು ಅರ್ಧ ಬಗ್ಗಿ ಹಾಗೇ ನಿಂತರು.

“ಮನ್ಯಾಗ ಯಾರರೆ ತೀರ್ಕೊಂಡಾರೇನ್ರಿ?”

ಕಾಕಾ ನನ್ನ ಮುಖ ನೋಡಿದ. ತನ್ನ ಹುಚ್ಚಿನಿಂದ ಹುಡುಗಿಯ ನಿಶ್ಚಯ ಮುರಿಯಿತು ಎಂಬ ಹೆದರಿಕೆ ಅವನ ಕಣ್ಣಲ್ಲಿತ್ತು. ಗಾಯಕಿಯ ಹೆಸರು ಹೇಳಲು ಬಾಯಿ ತೆರೆದ. ನಾನು ಅವನಿಗಿಂತ ಮೊದಲು ಮಾತಾಡಿದೆ.

“ಹೌದ್ರಿ, ನಮ್ಮಪ್ಪ. ಸುದ್ದಿ ಮುಟ್ಟಾಕ ತಡಾ ಆತ್ರಿ. ಈಗ ಕಾಕಾ, ನಾ ಇಬ್ಬರೂ ನೀರು ಬಿಟ್ಟೇವ್ರಿ. ಸೂತಕ ಕಳದೈತಿ, ಕುಂದರ್ರಿ.”